ಕಬ್ಬಿಣವೂ ಬಾಗುತ್ತೆ, ಲೆಕ್ಕ ಇಟ್ಕೊಳ್ಳಿ

ದೂರದರ್ಶಕದ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳೋದು ಎರಡೇ ಪ್ರಶ್ನೆ. ಕನ್ನಡಿ ಎಷ್ಟು ದೊಡ್ಡದು? ಎಷ್ಟು ದೂರ ಕಾಣುತ್ತೆ? ನನಗೆ ಕೆಲವು ವರ್ಷಗಳಿಂದ ಮೂರನೇ ಪ್ರಶ್ನೆಯೊಂದು ತಲೆಯಲ್ಲಿ ಕೂತಿದೆ. ನಾವು ಎಲ್ಲಿ ನೋಡು ಅಂತ ಹೇಳಿದ್ದೇವೋ ಅದು ಅಲ್ಲೇ ನೋಡ್ತಾ ಇದೆ ಅಂತ ನಮಗೆ ಹೇಗೆ ಗೊತ್ತು?

ಕೇಳೋಕೆ ಪೆದ್ದು ಪ್ರಶ್ನೆ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮನುಷ್ಯರು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದಾರೆ. ಕಾರಣ ಬಹಳ ಸರಳ: ಭೂಮಿ ಎಲ್ಲವನ್ನೂ ಕೆಳಗೆ ಎಳೆಯುತ್ತೆ. ಉದ್ದನೆಯ ಕೊಳವೆಯನ್ನು ನಡುವಿನಲ್ಲಿ ಹಿಡಿದು ಎತ್ತಿದರೆ ಎರಡೂ ತುದಿ ಸ್ವಲ್ಪ ಜಗ್ಗುತ್ತೆ. ಕಣ್ಣಿಗೆ ಕಾಣಲ್ಲ, ಆದರೆ ಜಗ್ಗೋದಂತೂ ನಿಜ. ಅದೇ ಕೊಳವೆಯನ್ನು ನೆತ್ತಿಯ ಕಡೆ ನಿಲ್ಲಿಸಿದರೆ ಜಗ್ಗು ಮಾಯ. ಅಂದ್ರೆ ಎಷ್ಟು ಬಾಗುತ್ತೆ ಅನ್ನೋದು ಆಕಾಶದಲ್ಲಿ ಎಲ್ಲಿ ನೋಡ್ತೀವಿ ಅನ್ನೋದರ ಮೇಲೆ ನಿಂತಿದೆ. ತೊಂದರೆ ಶುರುವಾಗೋದೇ ಇಲ್ಲಿ.

ಎಷ್ಟು ಸಣ್ಣ ವಿಷಯದ ಬಗ್ಗೆ ಮಾತಾಡ್ತಿದ್ದೇವೆ ಅಂತ ಮೊದಲು ಹೇಳಿಬಿಡ್ತೀನಿ. ಒಂದು ಡಿಗ್ರಿಯಲ್ಲಿ 60 ಕಲೆ, ಒಂದು ಕಲೆಯಲ್ಲಿ 60 ವಿಕಲೆ. ಇದು ನಮ್ಮ ಪಂಚಾಂಗದವರು ಇವತ್ತಿಗೂ ಬಳಸೋ ಲೆಕ್ಕ. ಆರ್ಕ್‌ಮಿನಿಟ್, ಆರ್ಕ್‌ಸೆಕೆಂಡ್ ಅನ್ನೋದು ಇದನ್ನೇ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800 ವಿಕಲೆ. ಒಂದು ವಿಕಲೆ ಅಂದ್ರೆ, ಎಂ.ಜಿ. ರೋಡಿನಲ್ಲಿ ನಿಂತು ಸುಮಾರು ಐದು ಕಿಲೋಮೀಟರ್ ದೂರದ ಕೋರಮಂಗಲದಲ್ಲಿ ಯಾರೋ ಹಿಡಿದಿರುವ 25 ಮಿಲಿಮೀಟರ್ ಅಗಲದ ನಾಣ್ಯವನ್ನು ನೋಡಿದ ಹಾಗೆ. ಒಂದು ಮೀಟರ್ ಉದ್ದದ ಕೊಳವೆಯ ಒಂದು ತುದಿ ಬರೀ 5 ಮೈಕ್ರಾನ್ ಇಳಿದರೆ ಸಾಕು, ಅದು ನೋಡುವ ದಿಕ್ಕು ಒಂದು ವಿಕಲೆ ತಪ್ಪುತ್ತೆ. ತಲೆಗೂದಲಿನ ದಪ್ಪದಲ್ಲಿ ಹತ್ತನೇ ಒಂದು ಭಾಗವೂ ಇಲ್ಲ. ಕಬ್ಬಿಣವಾದರೇನು, ಉಕ್ಕಾದರೇನು, ಅಷ್ಟು ಬಾಗದೇ ಇರೋ ವಸ್ತು ಇನ್ನೂ ಹುಟ್ಟಿಲ್ಲ.

ದೂರದರ್ಶಕ ಬರೋ ಮೊದಲೇ ಈ ಕಷ್ಟ ಶುರುವಾಗಿತ್ತು. ಡೆನ್ಮಾರ್ಕಿನ ಟೈಕೋ ಬ್ರಾಹೆ 16ನೇ ಶತಮಾನದಲ್ಲಿ ಬರಿಗಣ್ಣಿನಿಂದ ಗ್ರಹ ನಕ್ಷತ್ರಗಳ ಸ್ಥಾನ ಅಳೆದವನು. ತರುಣನಾಗಿದ್ದಾಗ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಕ್ ಮರದ ಒಂದು ಭಾರೀ ಕೋನಮಾಪಕ ಮಾಡಿಸಿದ್ದ. ಅದರ ತ್ರಿಜ್ಯವೇ ಐದು ಮೀಟರ್‌ಗಿಂತ ಹೆಚ್ಚು. ಯಂತ್ರ ದೊಡ್ಡದಾದಷ್ಟೂ ಗೆರೆಗಳ ನಡುವಿನ ಅಂತರ ಹೆಚ್ಚು, ಓದೋದು ಸುಲಭ. ಆದರೆ ದೊಡ್ಡದಾದಷ್ಟೂ ಭಾರ, ಭಾರವಾದಷ್ಟೂ ಬಾಗು. ಮರ ಬೇರೆ, ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ. ಆಮೇಲೆ ಅವನು ಲೋಹದ ಕಡೆ, ಗೋಡೆಗೆ ಬಿಗಿದ ಯಂತ್ರಗಳ ಕಡೆ ಹೊರಳಿದ. ಗಾಳಿಗೆ ಯಂತ್ರ ಅಲುಗಬಾರದು ಅಂತ ತನ್ನ ಎರಡನೇ ವೀಕ್ಷಣಾಲಯವನ್ನು ನೆಲದೊಳಗೇ ಕಟ್ಟಿಸಿದ. ಕೊನೆಗೆ ಅವನ ಅಳತೆಗಳು ಸುಮಾರು ಒಂದು ಕಲೆಯಷ್ಟು ನಿಖರವಾದವು.

ಅದರಿಂದ ಏನಾಯ್ತು? ಟೈಕೋ ಸತ್ತ ಮೇಲೆ ಕೆಪ್ಲರ್ ಮಂಗಳನ ಕಕ್ಷೆಯನ್ನು ವೃತ್ತ ಅಂದುಕೊಂಡು ಲೆಕ್ಕ ಹಾಕಿದಾಗ ಅಳತೆಗೂ ಲೆಕ್ಕಕ್ಕೂ 8 ಕಲೆ ವ್ಯತ್ಯಾಸ ಬಂತು. ಬೇರೆಯವರಾಗಿದ್ರೆ ‘ಯಂತ್ರ ಅಷ್ಟೇ ಬಿಡು’ ಅಂತ ಕೈಬಿಡುತ್ತಿದ್ದರು. ಟೈಕೋನ ಯಂತ್ರ 8 ಕಲೆ ತಪ್ಪೋದಿಲ್ಲ ಅನ್ನೋ ನಂಬಿಕೆ ಕೆಪ್ಲರ್‌ಗೆ ಇತ್ತು. ಆದ್ದರಿಂದ ವೃತ್ತವನ್ನೇ ಬಿಟ್ಟ. ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ ಅನ್ನೋದು 1609ರಲ್ಲಿ ಹೊರಬಂತು. ಯಂತ್ರದ ತಪ್ಪು ಎಷ್ಟು ಅಂತ ಗೊತ್ತಿದ್ದರೆ ಮಾತ್ರ ಉಳಿದ ವ್ಯತ್ಯಾಸ ಆಕಾಶದ್ದು ಅಂತ ಧೈರ್ಯವಾಗಿ ಹೇಳಬಹುದು. ಈ ಕಥೆಯಲ್ಲಿ ಪಣಕ್ಕಿಟ್ಟಿರೋದು ಈ ಧೈರ್ಯವನ್ನೇ.

ನಮ್ಮಲ್ಲಿ ಜೈಪುರದ ಸವಾಯಿ ಜೈಸಿಂಗ್ ಈ ಸಮಸ್ಯೆಗೆ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಹಿತ್ತಾಳೆ ಯಂತ್ರಗಳ ಅಚ್ಚು ಸವೆಯುತ್ತೆ, ಕೇಂದ್ರ ಜರುಗುತ್ತೆ, ಅವುಗಳನ್ನು ನೆಚ್ಚಿಕೊಳ್ಳೋಕೆ ಆಗಲ್ಲ ಅಂತ ಅವನು ಕಂಡುಕೊಂಡ. ಸರಿ, ಅಲುಗಾಡೋ ಭಾಗಗಳೇ ಬೇಡ ಅಂದ. ಕಲ್ಲು, ಗಾರೆಯಲ್ಲಿ ಯಂತ್ರ ಕಟ್ಟಿಸಿದ. ಜೈಪುರದ ಜಂತರ್ ಮಂತರ್‌ನಲ್ಲಿರುವ ದೊಡ್ಡ ಸಾಮ್ರಾಟ್ ಯಂತ್ರ ಸುಮಾರು 27 ಮೀಟರ್ ಎತ್ತರ. ನೆರಳಿನ ಮೂಲಕ ಎರಡು ಸೆಕೆಂಡಿನವರೆಗೂ ಹೊತ್ತು ಓದುವಂತೆ ಗೆರೆ ಕೊರೆದಿದ್ದಾರೆ. ಅಲುಗಾಡದ್ದು ಹೊಸದಾಗಿ ಬಾಗೋದೂ ಇಲ್ಲ. ಆದರೆ ಅದಕ್ಕೊಂದು ಬೆಲೆ ಇದೆ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳಿನ ಅಂಚೇ ಮಸುಕು. ಜೊತೆಗೆ ಕಲ್ಲಿನ ಮೇಲೆ ದೂರದರ್ಶಕ ಕೂರಿಸಿ ಆಕಾಶದ ತುಂಬ ತಿರುಗಿಸೋಕೆ ಆಗಲ್ಲ. ತಿರುಗಬೇಕು ಅಂದ್ರೆ ಬಾಗೋದನ್ನು ಒಪ್ಪಿಕೊಳ್ಳಲೇಬೇಕು.

ಒಪ್ಪಿಕೊಳ್ಳದವರಿಗೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. 19ನೇ ಶತಮಾನದ ಆರಂಭದಲ್ಲಿ ಖಗೋಳ ವಿಜ್ಞಾನಿಗಳೆಲ್ಲ ಹುಡುಕುತ್ತಿದ್ದದ್ದು ನಕ್ಷತ್ರಗಳ ಪಲ್ಲಟವನ್ನು. ಭೂಮಿ ಸೂರ್ಯನ ಸುತ್ತ ತಿರುಗುವಾಗ ಹತ್ತಿರದ ನಕ್ಷತ್ರ ವರ್ಷದಲ್ಲಿ ಕೊಂಚ ಆಚೀಚೆ ಸರಿದಂತೆ ಕಾಣಬೇಕು. ಅದು ಸಿಕ್ಕರೆ ನಕ್ಷತ್ರದ ದೂರ ಸಿಕ್ಕಂತೆ. ಡಬ್ಲಿನ್‌ನ ಜಾನ್ ಬ್ರಿಂಕ್ಲಿ ತನ್ನ ದೊಡ್ಡ ವೃತ್ತಯಂತ್ರದಲ್ಲಿ ಅಭಿಜಿತ್ ಮೊದಲಾದ ನಕ್ಷತ್ರಗಳಿಗೆ ಒಂದು ವಿಕಲೆಗಿಂತ ಹೆಚ್ಚಿನ ಪಲ್ಲಟ ಸಿಕ್ಕಿದೆ ಅಂತ ಪ್ರಕಟಿಸಿದ. ಗ್ರೀನಿಚ್‌ನ ಜಾನ್ ಪಾಂಡ್, ನನ್ನ ಯಂತ್ರದಲ್ಲಿ ಏನೂ ಕಾಣ್ತಿಲ್ಲವಲ್ಲ ಅಂದ. ವರ್ಷಗಟ್ಟಲೆ ವಾದ ನಡೀತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಸಮರ್ಥರು. ಅಭಿಜಿತ್‌ನ ನಿಜವಾದ ಪಲ್ಲಟ ಸುಮಾರು 0.13 ವಿಕಲೆ ಅಂತ ಇವತ್ತು ನಮಗೆ ಗೊತ್ತು. ಅಂದ್ರೆ ಬ್ರಿಂಕ್ಲಿ ಕಂಡದ್ದು ನಕ್ಷತ್ರದ ಚಲನೆ ಆಗಿರಲಿಲ್ಲ.

ಈ ಕಗ್ಗಂಟು ಬಿಡಿಸಿದವನು ಒಬ್ಬ ಗುಮಾಸ್ತ. ಫ್ರೀಡ್ರಿಶ್ ಬೆಸೆಲ್ ಹದಿನಾಲ್ಕನೇ ವಯಸ್ಸಿಗೇ ಶಾಲೆ ಬಿಟ್ಟು ಬ್ರೆಮೆನ್‌ನ ಒಂದು ಆಮದು ರಫ್ತು ಕಂಪನಿಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ್ದ. ರಾತ್ರಿ ಹೊತ್ತು ಖಗೋಳ ಓದಿಕೊಂಡ. ಮುಂದೆ ಕ್ಯೋನಿಗ್ಸ್‌ಬರ್ಗ್ ವೀಕ್ಷಣಾಲಯದ ಮುಖ್ಯಸ್ಥನೇ ಆದ. ಜೇಮ್ಸ್ ಬ್ರಾಡ್ಲಿ ಗ್ರೀನಿಚ್‌ನಲ್ಲಿ 1750ರ ದಶಕದಿಂದ ಮಾಡಿಟ್ಟಿದ್ದ ಅಳತೆಗಳನ್ನು ಅವನು ಮತ್ತೆ ಕೈಗೆತ್ತಿಕೊಂಡು, 3222 ನಕ್ಷತ್ರಗಳ ಸ್ಥಾನಗಳನ್ನು 1818ರಲ್ಲಿ ಪ್ರಕಟಿಸಿದ. ಅವನ ವಿಧಾನ ಒಬ್ಬ ಒಳ್ಳೆ ಲೆಕ್ಕಿಗನ ವಿಧಾನ. ವಾತಾವರಣದ ವಕ್ರೀಭವನ ಎಷ್ಟು, ಯಂತ್ರದ ಅಕ್ಷ ಎಷ್ಟು ಓರೆ, ವೃತ್ತದ ಮೇಲಿನ ಗೆರೆಗಳು ಎಷ್ಟು ತಪ್ಪು, ಕೊಳವೆ ಎಷ್ಟು ಬಾಗುತ್ತೆ, ಹೀಗೆ ಒಂದೊಂದಕ್ಕೂ ಖಾತೆಯಲ್ಲಿ ಒಂದೊಂದು ಸಾಲು. ಯಾವ ಯಂತ್ರವೂ ಪರಿಪೂರ್ಣ ಅಲ್ಲ ಅನ್ನೋದು ಅವನಿಗೆ ಬೇಸರದ ವಿಷಯವೇ ಆಗಿರಲಿಲ್ಲ. ಅಲ್ಲಿಂದಲೇ ಕೆಲಸ ಶುರು.

1838ರಲ್ಲಿ ಬೆಸೆಲ್ 61 ಸಿಗ್ನಿ ಅನ್ನೋ ನಕ್ಷತ್ರದ ಪಲ್ಲಟ 0.314 ವಿಕಲೆ ಅಂತ ಪ್ರಕಟಿಸಿದ. ಇವತ್ತಿನ ಲೆಕ್ಕ ಸುಮಾರು 0.286. ಸೂರ್ಯನನ್ನು ಬಿಟ್ಟರೆ ಮನುಷ್ಯರಿಗೆ ನಂಬುವಂತೆ ದೂರ ಗೊತ್ತಾದ ಮೊದಲ ನಕ್ಷತ್ರ ಅದು. ಇಲ್ಲಿ ಅವನು ಇನ್ನೊಂದು ಜಾಣತನ ಮಾಡಿದ್ದ. ನಕ್ಷತ್ರದ ಸ್ಥಾನವನ್ನು ಯಂತ್ರದ ವೃತ್ತದ ಮೇಲೆ ಓದದೆ, ಅಕ್ಕಪಕ್ಕದ ಮಂಕು ನಕ್ಷತ್ರಗಳಿಂದ ಎಷ್ಟು ದೂರ ಇದೆ ಅಂತ ಹೀಲಿಯೋಮೀಟರ್‌ನಲ್ಲಿ ಅಳೆದ. ಕೊಳವೆ ಬಾಗಿದರೆ ಎಲ್ಲಾ ನಕ್ಷತ್ರಗಳೂ ಒಟ್ಟಿಗೇ ಸರೀತವೆ, ನಡುವಿನ ಅಂತರ ಹಾಗೇ ಉಳಿಯುತ್ತೆ.

ಆದರೆ ಇಡೀ ಆಕಾಶದ ನಕ್ಷೆ ಮಾಡೋಕೆ ಪಕ್ಕದ ನಕ್ಷತ್ರದ ಆಸರೆ ಸಾಲದು. ಅಲ್ಲಿ ಬಾಗನ್ನು ಅಳೆದೇ ತೀರಬೇಕು. ಗ್ರೀನಿಚ್‌ನಲ್ಲಿ ಜಾರ್ಜ್ ಏರಿ 1851ರಲ್ಲಿ ನಿಲ್ಲಿಸಿದ ಟ್ರಾನ್ಸಿಟ್ ಸರ್ಕಲ್ ಹೆಸರು ನೀವು ಕೇಳಿಲ್ಲದಿರಬಹುದು, ಆದರೆ ಭೂಪಟದ ಸೊನ್ನೆ ಡಿಗ್ರಿ ರೇಖಾಂಶ ಅಂತ 1884ರಲ್ಲಿ ಒಪ್ಪಿದ್ದು ಈ ಯಂತ್ರದ ಮೂಲಕ ಹಾದುಹೋಗುವ ಗೆರೆಯನ್ನೇ. ಈ ಬಗೆಯ ಯಂತ್ರಗಳಲ್ಲಿ ಬಾಗು ಹಿಡಿಯೋ ಉಪಾಯ ನೋಡಿ. ಒಂದು ನಕ್ಷತ್ರವನ್ನು ನೇರವಾಗಿ ನೋಡಿ ಕೋನ ಬರೆದುಕೊಳ್ಳೋದು. ಆಮೇಲೆ ದೂರದರ್ಶಕವನ್ನು ಕೆಳಗೆ ತಿರುಗಿಸಿ, ಪಾದರಸ ತುಂಬಿದ ತೊಟ್ಟಿಯಲ್ಲಿ ಅದೇ ನಕ್ಷತ್ರದ ಪ್ರತಿಬಿಂಬ ನೋಡಿ ಕೋನ ಬರೆದುಕೊಳ್ಳೋದು. ಪಾದರಸದ ಮೇಲ್ಮೈ ತಾನಾಗಿಯೇ ಸಮತಲ. ಆದ್ದರಿಂದ ಒಂದು ದಿಗಂತದಿಂದ ಎಷ್ಟು ಮೇಲೋ, ಇನ್ನೊಂದು ಅಷ್ಟೇ ಕೆಳಗೆ ಇರಬೇಕು. ಕೊಳವೆ ಬಾಗಿದ್ದರೆ ಆ ಸಮತೆ ಕೆಡುತ್ತೆ, ಯಾಕಂದ್ರೆ ಮೇಲೆ ನೋಡಿದರೂ ಕೆಳಗೆ ನೋಡಿದರೂ ಭಾರ ಎಳೆಯೋದು ಒಂದೇ ಕಡೆಗೆ. ಕೆಟ್ಟಿದ್ದು ಎಷ್ಟು ಅನ್ನೋದರಲ್ಲೇ ಬಾಗಿನ ಸುಳಿವು ಇರುತ್ತೆ. ಗ್ರೀನಿಚ್‌ನವರು ದಶಕಗಳ ಕಾಲ ಈ ವ್ಯತ್ಯಾಸವನ್ನು ಬೆನ್ನು ಹತ್ತಿದರು.

ನಮ್ಮ ಕಡೆಯೂ ಇದೇ ದುಡಿಮೆ ನಡೆದಿತ್ತು. ಮದ್ರಾಸ್ ವೀಕ್ಷಣಾಲಯದ ಮೆರಿಡಿಯನ್ ಸರ್ಕಲ್‌ನಲ್ಲಿ 1862ರಿಂದ 1887ರವರೆಗೆ ಐದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ಅಳೆದರು. ಪಾಗ್ಸನ್ ಮುಖ್ಯಸ್ಥ, ಅವನ ಕೈಕೆಳಗೆ ವರ್ಷಗಟ್ಟಲೆ ರಾತ್ರಿ ಎದ್ದಿದ್ದು ಕಣ್ಣಿಟ್ಟವರಲ್ಲಿ ಚಿಂತಾಮಣಿ ರಘುನಾಥಾಚಾರಿ ಪ್ರಮುಖರು. ಆರ್ ರೆಟಿಕ್ಯುಲಿ ಅನ್ನೋ ಬೆಳಕು ಬದಲಾಯಿಸುವ ನಕ್ಷತ್ರವನ್ನು ಗುರುತಿಸಿದವರು ಅವರು. ಅಂಥ ಯಂತ್ರದ ಮುಂದೆ ಕೂತವರಿಗೆ ನಕ್ಷತ್ರ ನೋಡೋದು ಕೆಲಸದ ಒಂದು ಪಾಲು ಮಾತ್ರ. ಅಕ್ಷದ ಮಟ್ಟ ನೋಡಬೇಕು, ಪಾದರಸದಲ್ಲಿ ನೇರ ಕೆಳಗಿನ ಬಿಂದು ನೋಡಬೇಕು, ಉಷ್ಣಾಂಶ ಬರೀಬೇಕು, ಎಲ್ಲವನ್ನೂ ಅಳತೆಯಿಂದ ಕಳೀಬೇಕು. ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆಯ ವಂಶವೃಕ್ಷದ ಬೇರು ಇರೋದು ಈ ಮದ್ರಾಸ್ ವೀಕ್ಷಣಾಲಯದಲ್ಲಿ. ಅಲ್ಲಿಂದ ಕೊಡೈಕನಾಲ್, ಅಲ್ಲಿಂದ ಬೆಂಗಳೂರು.

ಇಪ್ಪತ್ತನೇ ಶತಮಾನಕ್ಕೆ ಬಂದಾಗ ಸಮಸ್ಯೆಯ ಗಾತ್ರವೇ ಬದಲಾಯಿತು. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲೆ 200 ಇಂಚು, ಅಂದ್ರೆ ಐದು ಮೀಟರ್‌ಗೂ ಕೊಂಚ ಹೆಚ್ಚು ಅಗಲದ ಕನ್ನಡಿಯ ದೂರದರ್ಶಕ ಕಟ್ಟೋಕೆ ಹೊರಟರು. ಕನ್ನಡಿಯ ತೂಕ ಹದಿನಾಲ್ಕು ಟನ್ನಿನ ಆಸುಪಾಸು. ಅದರ ಫೋಕಸ್ ಇರೋದು ಸುಮಾರು 17 ಮೀಟರ್ ಮೇಲೆ. ಅಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಖಗೋಳ ವಿಜ್ಞಾನಿಯೇ ಕೂತುಕೊಳ್ಳಬೇಕು. ಇಷ್ಟು ದೊಡ್ಡದನ್ನು ಬಾಗದ ಹಾಗೆ ಮಾಡ್ತೀನಿ ಅಂತ ಹೊರಟು ಕಬ್ಬಿಣ ಸೇರಿಸುತ್ತಾ ಹೋದರೆ, ಸೇರಿಸಿದ ಕಬ್ಬಿಣದ ಭಾರಕ್ಕೇ ಇನ್ನಷ್ಟು ಬಾಗುತ್ತೆ.

1935ರಲ್ಲಿ ಮಾರ್ಕ್ ಸೆರುರಿಯೆ ಅನ್ನೋ ಯುವ ಎಂಜಿನಿಯರ್ ಬೇರೆ ದಾರಿ ಹಿಡಿದ. ಬಾಗೋದನ್ನು ತಡೆಯೋದು ಬೇಡ. ಎರಡೂ ತುದಿ ಒಂದೇ ಅಳತೆಯಷ್ಟು, ಒಂದಕ್ಕೊಂದು ಸಮಾನಾಂತರವಾಗಿ ಇಳಿಯಲಿ. ಮುಚ್ಚಿದ ಕೊಳವೆಯ ಬದಲು ನಡುವಿನ ಗಟ್ಟಿ ಚೌಕಟ್ಟಿನಿಂದ ಮೇಲಕ್ಕೂ ಕೆಳಕ್ಕೂ ತ್ರಿಕೋನಾಕಾರದ ತೊಲೆಗಳು. ಕೆಳಗಿನ ತುದಿಯಲ್ಲಿ ಭಾರದ ಕನ್ನಡಿ, ಅದಕ್ಕೆ ಗಿಡ್ಡ ತೊಲೆ. ಮೇಲಿನ ತುದಿಯಲ್ಲಿ ಹಗುರ ಬುಟ್ಟಿ, ಅದಕ್ಕೆ ಉದ್ದ ತೊಲೆ. ತ್ರಿಕೋನದ ಗುಣದಿಂದ ತುದಿಗಳು ಓರೆಯಾಗದೆ ನೆಟ್ಟಗೆ ಕೆಳಗೆ ಇಳೀತವೆ. ಎರಡೂ ಅಷ್ಟಷ್ಟೇ ಇಳಿದಾಗ ಕನ್ನಡಿ ಮತ್ತು ಫೋಕಸ್ ಒಂದಕ್ಕೊಂದು ಎದುರಾಗೇ ಇರುತ್ತವೆ. ದೂರದರ್ಶಕ ಬಾಗಿದೆ, ಆದರೆ ನೋಟ ಬಾಗಿಲ್ಲ. ತಿರುಗುವ ಭಾಗವೇ ಸುಮಾರು 530 ಟನ್ ತೂಗುವ ಆ ಯಂತ್ರ 1948ರಲ್ಲಿ ಉದ್ಘಾಟನೆಯಾಯ್ತು. ಸೆರುರಿಯೆ ತೊಲೆಕಟ್ಟು ಅಲ್ಲಿಂದಾಚೆಗೆ ದೊಡ್ಡ ದೂರದರ್ಶಕಗಳ ಸಾಮಾನ್ಯ ರೂಪವೇ ಆಗಿಹೋಯ್ತು. ಸಿನಿಮಾ ಹುಚ್ಚಿರೋರಿಗೆ ಒಂದು ಮಾತು: ಫಿಲ್ಮ್ ಎಡಿಟಿಂಗ್‌ಗೆ ಬಳಸುತ್ತಿದ್ದ ಮೂವಿಯೋಲಾ ಯಂತ್ರವನ್ನು 1924ರಲ್ಲಿ ಕಂಡುಹಿಡಿದವನು ಇವನ ಅಪ್ಪ. ಮುಂದೆ ಅದನ್ನು ಬೆಳೆಸಿದ್ದಕ್ಕೆ ಮಗನಿಗೆ ಆಸ್ಕರ್ ಕೂಡ ಬಂತು.

ರೇಡಿಯೋ ದೂರದರ್ಶಕಗಳವರು ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಸೆಬಾಸ್ಟಿಯನ್ ಫಾನ್ ಹೋರ್ನರ್ 1967ರಲ್ಲಿ ಒಂದು ಕಲ್ಪನೆ ಮುಂದಿಟ್ಟ. ದೊಡ್ಡ ತಟ್ಟೆ ಬಾಗಲಿ, ಆದರೆ ಒಂದು ಪ್ಯಾರಾಬೋಲಾದಿಂದ ಇನ್ನೊಂದು ಪ್ಯಾರಾಬೋಲಾಕ್ಕೇ ಬಾಗುವಂತೆ ಕಂಬಿಗಳನ್ನು ಜೋಡಿಸಿ. ಆಕಾರ ಕೆಡಲ್ಲ, ಫೋಕಸ್ ಮಾತ್ರ ಸರಿಯುತ್ತೆ. ರಿಸೀವರ್ ಅನ್ನು ಅಷ್ಟೇ ಸರಿಸಿದರೆ ಆಯ್ತು. ಜರ್ಮನಿಯ ಎಫೆಲ್ಸ್‌ಬರ್ಗ್‌ನಲ್ಲಿ 1971ರಲ್ಲಿ ಉದ್ಘಾಟನೆಯಾದ 100 ಮೀಟರ್ ತಟ್ಟೆ ಈ ತತ್ವದ ಮೇಲೇ ನಿಂತಿದೆ, 3200 ಟನ್ ತೂಕದ ಜೊತೆಗೆ. ಲೋಹದ ಮೇಲೆ ಬೀಳೋ ಭಾರವನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ ಅನ್ನೋದಕ್ಕೂ ಸಾಕ್ಷಿ ಇದೆ. ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ 1962ರಿಂದ ದುಡೀತಿದ್ದ 300 ಅಡಿಯ ರೇಡಿಯೋ ದೂರದರ್ಶಕ 1988ರ ನವೆಂಬರ್ 15ರ ರಾತ್ರಿ ಇದ್ದಕ್ಕಿದ್ದ ಹಾಗೆ ಕುಸಿದುಬಿತ್ತು. ಮುಖ್ಯ ತೊಲೆಯ ಒಂದು ಜೋಡಣೆ ತಗಡು ಕೈಕೊಟ್ಟಿತ್ತು. ಯಾರಿಗೂ ಪೆಟ್ಟಾಗಲಿಲ್ಲ ಅನ್ನೋದೇ ಸಮಾಧಾನ.

ಕೊನೆಯ ತಿರುವು ಕಂಪ್ಯೂಟರಿನದು. ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ 1974ರಲ್ಲಿ ಶುರುವಾದ 3.9 ಮೀಟರ್‌ನ ಆಂಗ್ಲೋ ಆಸ್ಟ್ರೇಲಿಯನ್ ದೂರದರ್ಶಕವನ್ನು ಮೊದಲಿನಿಂದಲೂ ಕಂಪ್ಯೂಟರ್ ನಡೆಸುವಂತೆ ಕಟ್ಟಿದ್ದರು. ಅಲ್ಲಿ ಕೆಲಸ ಮಾಡಿದ ಪ್ಯಾಟ್ರಿಕ್ ವಾಲೆಸ್ ಬೆಸೆಲ್‌ನ ಲೆಕ್ಕದ ಖಾತೆಯನ್ನು ಸಾಫ್ಟ್‌ವೇರ್ ಆಗಿ ಬರೆದ. ಮುಂದೆ ಅದಕ್ಕೆ ಟಿಪಾಯಿಂಟ್ ಅಂತ ಹೆಸರಾಯ್ತು. ಕೆಲಸ ಹೀಗೆ: ಆಕಾಶದ ಎಲ್ಲ ಮೂಲೆಗಳಲ್ಲಿ ಹಲವು ಹತ್ತು ನಕ್ಷತ್ರಗಳ ಕಡೆ ದೂರದರ್ಶಕ ತಿರುಗಿಸಿ. ಪ್ರತಿಯೊಂದು ಎಷ್ಟು ತಪ್ಪಿ ಬಂತು ಅಂತ ಬರೆದುಕೊಳ್ಳಿ. ಆ ತಪ್ಪುಗಳ ರಾಶಿಯನ್ನು ಅರ್ಥವಿರೋ ತುಂಡುಗಳಾಗಿ ಒಡೆಯಿರಿ. ಧ್ರುವದ ಕಡೆಗಿನ ಅಕ್ಷ ಎತ್ತರದಲ್ಲಿ ಇಷ್ಟು ತಪ್ಪಿದೆ, ಪಕ್ಕಕ್ಕೆ ಇಷ್ಟು; ಎರಡು ಅಕ್ಷಗಳ ನಡುವೆ ಸರಿಯಾಗಿ 90 ಡಿಗ್ರಿ ಇಲ್ಲ, ಇಷ್ಟು ಕಡಿಮೆ; ಕೊಳವೆಯ ಜಗ್ಗು ಇಷ್ಟು, ಅದು ನೆತ್ತಿಯಿಂದ ಎಷ್ಟು ಕೆಳಗೆ ನೋಡ್ತೀವೋ ಆ ಕೋನದ ಸೈನ್‌ಗೆ ತಕ್ಕ ಹಾಗೆ ಏರುತ್ತೆ. ಒಂದೊಂದಕ್ಕೂ ಎರಡು ಮೂರು ಅಕ್ಷರದ ಹೆಸರು. ಕೊಳವೆಯ ಜಗ್ಗಿಗೆ ಟಿಎಫ್. ಸಂಖ್ಯೆಗಳನ್ನು ಹೊಂದಿಸೋದು ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ, ನಿಮ್ಮಲ್ಲಿ ಡೇಟಾ ಸೈನ್ಸ್ ಮಾಡೋರು ದಿನಾ ಬಳಸೋ ಅದೇ ಲೀಸ್ಟ್ ಸ್ಕ್ವೇರ್ಸ್. ಮುಂದಿನ ಸಲ ‘ಅಲ್ಲಿ ನೋಡು’ ಅಂದಾಗ ಕಂಪ್ಯೂಟರ್ ಆ ತಪ್ಪುಗಳನ್ನೆಲ್ಲ ಮೊದಲೇ ಕಳೆದು ಮೋಟರಿಗೆ ಆಜ್ಞೆ ಕೊಡುತ್ತೆ. ನೂರಾರು ಟನ್ನಿನ ಯಂತ್ರ ಒಂದೆರಡು ವಿಕಲೆಯ ಒಳಗೆ ಬಂದು ನಿಲ್ಲುತ್ತೆ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣೋದು ಒಂದು ಷರತ್ತು. ಬಾಗು ಪ್ರತಿಸಲವೂ ಒಂದೇ ರೀತಿ ಇರಬೇಕು. ಇವತ್ತು ಹತ್ತು ವಿಕಲೆ ಬಾಗಿದ್ದು ನಾಳೆಯೂ ಅದೇ ದಿಕ್ಕಿನಲ್ಲಿ ಹತ್ತೇ ಬಾಗಿದರೆ ಅದನ್ನು ಕಳೆಯೋದು ಮಕ್ಕಳಾಟ. ಸಡಿಲವಾದ ಒಂದು ಬೋಲ್ಟು, ತನ್ನ ಗೂಡಿನಲ್ಲಿ ಆಚೀಚೆ ಜಾರೋ ಕನ್ನಡಿ, ಇಂಥವು ಇವತ್ತು ಮೂರು ವಿಕಲೆ ಎಡಕ್ಕೆ, ನಾಳೆ ಎರಡು ವಿಕಲೆ ಬಲಕ್ಕೆ ಹೋದರೆ ಯಾವ ಸಾಫ್ಟ್‌ವೇರೂ ಉಳಿಸಲ್ಲ. ಹತ್ತಕ್ಕಿಂತ ಮೂರು ಚಿಕ್ಕದು, ಆದರೂ ಅಪಾಯ ಇರೋದು ಮೂರರಲ್ಲೇ. ನನ್ನ ಮನೆ ಟೆರೇಸಿನ ಮೇಲಿರೋ ಪುಟ್ಟ ದೂರದರ್ಶಕಕ್ಕೂ ಇದೇ ನಿಯಮ. ಶುರುವಿನಲ್ಲಿ ಅದಕ್ಕೆ ಎರಡು ಮೂರು ನಕ್ಷತ್ರ ತೋರಿಸಿ ಅಂತ ಅದು ಕೇಳುತ್ತಲ್ಲ, ಅದು ತನ್ನ ಸೊಟ್ಟತನದ ಲೆಕ್ಕ ತಗೊಳ್ಳೋ ಹೊತ್ತು. ಆಫೀಸಿನಲ್ಲಿ ಬಗ್ ಪಟ್ಟಿ ನೋಡುವಾಗಲೂ ನಾನೀಗ ಮೊದಲು ಕೇಳೋದು, ಇದು ಪ್ರತಿಸಲ ಬರುತ್ತಾ ಅಥವಾ ಒಮ್ಮೊಮ್ಮೆನಾ ಅಂತ.

ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸೋದು ಬೆಂಗಳೂರಿನ ಹೊರವಲಯದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಇಲ್ಲಿ ಕೋಣೆಯಲ್ಲಿ ಕೂತವರು ನಕ್ಷತ್ರದ ಸ್ಥಾನ ಟೈಪ್ ಮಾಡ್ತಾರೆ. ಎರಡು ಸಾವಿರ ಕಿಲೋಮೀಟರ್‌ಗೂ ಆಚೆ, ಉಸಿರಾಡೋಕೂ ಕಷ್ಟವಾಗುವ ಚಳಿಯಲ್ಲಿ, ಆ ಯಂತ್ರ ತಿರುಗುತ್ತೆ. ಪಕ್ಕದಲ್ಲಿ ನಿಂತು ಕೈಯಿಂದ ತುಸು ತಳ್ಳಿ ಸರಿಮಾಡೋಕೆ ಯಾರೂ ಇಲ್ಲ. ಗುರಿ ತಪ್ಪಿದರೆ ವರ್ಷವಿಡೀ ಕಾದು ಪಡೆದ ರಾತ್ರಿಯಲ್ಲಿ ಯಾರದ್ದೋ ಅರ್ಧ ಗಂಟೆ ಹೋದಂತೆ. ತಿರುಗಿ ನಿಂತ ಮೇಲೆ ಹೊಸಕೋಟೆಯ ಪರದೆಯ ಮೇಲೆ ಮೂಡೋ ಚಿತ್ರದಲ್ಲಿ, ಹುಡುಕಿದ ನಕ್ಷತ್ರ ಇರಬೇಕಾದ ಜಾಗದಲ್ಲೇ ಇರಬೇಕು.